ಕಣ್ಣೀರು ಬತ್ತುವ ರೋಗ



ಕಣ್ಣಿನಲ್ಲಿ ಮರಳು ಬಿದ್ದಂತಾಗುತ್ತದೆ, ಅತ್ತರೂ ನೀರು ಬರುವುದಿಲ್ಲ ಎಂದು ಹೇಳಿಕೊಂಡು ಆರೋಗ್ಯ ಕೇಂದ್ರಕ್ಕೆ ಬರುವ ಸ್ತ್ರೀಯರುಂಟು. ಒಲೆಯ ಹೊಗೆಯೇ ಕಾರಣವೆಂದು ಮನೆಯವರು ಭಾವಿಸುತ್ತಾರೆ. ಅದು ನಿಜವಾಗಿರುವುದೂ ಉಂಟು. ಆದರೆ ಕಣ್ಣಿನೊಡನೆ ಬಾಯಿಯೂ ಒಣಗಿ, ನೀರು ಕುಡಿಯದೆ ರೊಟ್ಟಿಯ ತುತ್ತು ಗಂಟಲಲ್ಲಿ ಇಳಿಯದಂತಾಗಿ, ಹೀಗೆಯೇ ಮೂರು ತಿಂಗಳು ಮೀರಿದರೆ ಬೇರೊಂದು ರೋಗವನ್ನು ಶಂಕಿಸಬೇಕಾಗುತ್ತದೆ. ಕೀಲುನೋವು, ದಣಿವು ಇವೂ ಅದರ ಲಕ್ಷಣಗಳೇ. ಆ ದಣಿವನ್ನು ಸೋಮಾರಿತನವೆಂದು ಹೀಗಳೆಯುವುದು ನ್ಯಾಯವಲ್ಲ.

ಸ್ವೀಡನ್ ದೇಶದ ನೇತ್ರವೈದ್ಯರಾದ ಹೆನ್ರಿಕ್ ಶೋಗ್ರೆನ್ ಎಂಬುವರು 1933ರಲ್ಲಿ ಇಂತಹ 19 ಮಂದಿ ಸ್ತ್ರೀಯರ ವಿಷಯವನ್ನು ತಮ್ಮ ಪ್ರಬಂಧದಲ್ಲಿ ವಿವರಿಸಿದರು. ಅವರ ಹೆಸರೇ ಈ ರೋಗಕ್ಕೆ ನಿಂತಿದೆ. ರೋಗಿಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಮಂದಿ ಸ್ತ್ರೀಯರೇ.

ನಮ್ಮ ರಕ್ತದಲ್ಲಿ ಲಿಂಫೋಸೈಟ್ ಎಂಬ ಬಿಳಿಯ ಕಣಗಳಿವೆ. ರೋಗಾಣುಗಳನ್ನು ಗುರುತಿಸಿ ನಾಶಪಡಿಸುವುದು ಇವುಗಳ ಕರ್ತವ್ಯ. ಈ ರೋಗದಲ್ಲಾದರೋ ಬೇಲಿಯೇ ಎದ್ದು ಹೊಲ ಮೇಯ್ದಂತಾಗುತ್ತದೆ. ಅವುಗಳಲ್ಲಿ ಟಿ ಎಂಬ ಜಾತಿಯ ಕಣಗಳು ಕಣ್ಣೀರಿನ ಗ್ರಂಥಿಯೊಳಗೆ ಗುಂಪುಗೂಡಿ, ಅದನ್ನು ಪರಕೀಯವೆಂದು ಬಗೆದು ಹಾಳುಮಾಡುತ್ತವೆ. ಅವು ಸೂಸುವ ರಾಸಾಯನಿಕ ವಸ್ತುಗಳಿಂದ ಕಣ್ಣಿನ ಮೇಲ್ಮೈಯೂ ಉರಿಯೂತಕ್ಕೊಳಗಾಗುತ್ತದೆ. ಕಣ್ಣೀರು ಕಡಿಮೆಯಾದಂತೆ ಅದರ ಉಪ್ಪಿನ ಸಾರ ಹೆಚ್ಚುತ್ತದೆ. ಆ ಉಪ್ಪು ಉರಿಯೂತವನ್ನು ಮತ್ತಷ್ಟು ಕೆರಳಿಸುತ್ತದೆ. ಅಲಕ್ಷಿಸಿದರೆ ಕರಿಗುಡ್ಡೆಯ ಮೇಲೆ ಹುಣ್ಣಾಗಿ ದೃಷ್ಟಿ ಕುಂದಬಹುದು. ಇದು ಅಂಟುರೋಗವಲ್ಲ.

ಪರೀಕ್ಷೆ ಸುಲಭ. ಕೆಳರೆಪ್ಪೆಯೊಳಗೆ ನೀರು ಹೀರುವ ಕಾಗದದ ಸಣ್ಣ ಪಟ್ಟಿಯೊಂದನ್ನು ಸಿಕ್ಕಿಸಿ 5 ನಿಮಿಷ ಬಿಡುತ್ತಾರೆ. ಅದು 5 ಮಿಲಿಮೀಟರಿಗಿಂತ ಹೆಚ್ಚು ತೋಯದಿದ್ದರೆ ಕಣ್ಣೀರು ಸಾಲದೆಂದು ತಿಳಿಯಬೇಕು. ಬಳಿಕ ರಕ್ತಪರೀಕ್ಷೆ ಅಗತ್ಯ. ಕೃತಕ ಕಣ್ಣೀರಿನ ಹನಿಗಳಿಂದ ಉಪಶಮನ ದೊರೆಯುತ್ತದೆ. ಟಿ ಕಣಗಳನ್ನು ಹತೋಟಿಯಲ್ಲಿಡುವ ಸೈಕ್ಲೋಸ್ಪೊರಿನ್ ಹನಿಗಳೂ ಇವೆ; ಗುಣ ಕಾಣಲು ತಿಂಗಳುಗಳೇ ಹಿಡಿಯಬಹುದಾದುದರಿಂದ ನಡುವೆ ಬಿಡಬಾರದು. ಹರಳೆಣ್ಣೆ, ಸೊಪ್ಪಿನ ರಸ ಹಾಕಲೇಬೇಡಿ. ವೈದ್ಯರನ್ನು ಕೇಳದೆ ಅಂಗಡಿಯಿಂದ ಸ್ಟಿರಾಯ್ಡ್ ಹನಿಗಳನ್ನು ಕೊಂಡು ತಿಂಗಳುಗಟ್ಟಲೆ ಹಾಕುವುದಂತೂ ಇನ್ನೂ ಅಪಾಯಕರ. ಕಣ್ಣಿನ ಒತ್ತಡ ಏರಿ, ಪೊರೆಯೂ ಬೆಳೆದೀತು.

ದಂಪತಿಗಳು ವಿಶೇಷವಾಗಿ ಗಮನಿಸತಕ್ಕ ಸಂಗತಿಯೊಂದಿದೆ. ಲಿಂಫೋಸೈಟುಗಳಲ್ಲಿ ಬಿ ಎಂಬ ಜಾತಿಯ ಕಣಗಳು ಪ್ರತಿಕಾಯಗಳನ್ನು ಉತ್ಪಾದಿಸುತ್ತವೆ. ಈ ರೋಗವುಳ್ಳ ಅನೇಕರಲ್ಲಿ ಕಂಡುಬರುವ ಆಂಟಿ-ರೋ ಎಂಬ ಪ್ರತಿಕಾಯವು ಮಾಸಿನ ಮೂಲಕ ಗರ್ಭಸ್ಥ ಶಿಶುವನ್ನು ಸೇರಿ, ಅದರ ಹೃದಯದ ಬಡಿತ ತೀರ ನಿಧಾನವಾಗುವಂತೆ ಮಾಡಬಲ್ಲದು. ಈ ಪ್ರತಿಕಾಯವುಳ್ಳ 100 ಮಂದಿ ತಾಯಂದಿರಲ್ಲಿ ಸುಮಾರು ಇಬ್ಬರ ಶಿಶುಗಳಿಗೆ ಮಾತ್ರ ಹೀಗಾಗುವುದರಿಂದ, ಹೆದರಿ ಮಕ್ಕಳೇ ಬೇಡವೆನ್ನಬೇಕಾಗಿಲ್ಲ. ಆದರೆ ಒಮ್ಮೆ ಹಾಗಾದ ತಾಯಿಗೆ ಮುಂದಿನ ಬಸಿರಿನಲ್ಲಿ ಅಪಾಯ ಹೆಚ್ಚು. ಗರ್ಭ ಧರಿಸುವ ಮುನ್ನವೇ ರೋಗದ ವಿಷಯವನ್ನು ವೈದ್ಯರಿಗೆ ತಿಳಿಸಿ. ಬಸಿರಾದೊಡನೆ ತಾಯಿ ಕಾರ್ಡಿನಲ್ಲಿ ಬರೆಯಿಸಿರಿ. ಈ ತೊಂದರೆ ಸಾಮಾನ್ಯವಾಗಿ 18ರಿಂದ 24ನೆಯ ವಾರದೊಳಗೆ ತಲೆದೋರುತ್ತದೆ; ಆ ಅವಧಿಯಲ್ಲಿ ಶಿಶುವಿನ ಹೃದಯದ ಸ್ಕ್ಯಾನ್ ಎಲ್ಲಿ, ಯಾವಾಗ ಮಾಡಿಸಬೇಕೆಂದು ಮೊದಲೇ ಕೇಳಿಟ್ಟುಕೊಳ್ಳಿ. ವೈದ್ಯರು ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆಯನ್ನು ಕೊಟ್ಟಿದ್ದರೆ, ಬಸಿರೆಂಬ ಭಯದಿಂದ ತಾವಾಗಿಯೇ ನಿಲ್ಲಿಸಬಾರದು. ಗರ್ಭಿಣಿಯರಿಗೂ ಕೊಡಬಹುದಾದ ಔಷಧವದು. ಪರೀಕ್ಷೆಗೆ ಬರುವಾಗ ಪತಿಯೂ ಜೊತೆಯಲ್ಲಿ ಬರಲಿ. ಹಿಂದಿನ ಔಷಧಿ ಚೀಟಿಗಳನ್ನು ತಪ್ಪದೆ ತರಲಿ.