ಅಪ್ಪನ ಕಾರು ಎಂದುಕೊಂಡಿದ್ದೆ

(ಮಹಿಳಾ ವೇದಿಕೆಯ ತಿಂಗಳ ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ)



‘ನಾನು ಮೆಚ್ಚಿದ ಕೈಕೆಲಸದವರು’ ಎಂಬ ವಿಷಯ ಕೊಟ್ಟಿದ್ದೀರಿ. ನನಗಿಂತ ಮೊದಲು ಮಾತನಾಡಿದವರು ಇಳಕಲ್ ಸೀರೆ ನೇಯುವವರ ಬಗ್ಗೆ, ವೀಣೆ ಮಾಡುವವರ ಬಗ್ಗೆ ಎಷ್ಟು ಚೆನ್ನಾಗಿ ಹೇಳಿದರು! ನಾನು ಹೇಳಹೊರಟಿರುವುದು ಮೊಣಕೈವರೆಗೆ ಗ್ರೀಸ್ ಮೆತ್ತಿಕೊಂಡಿರುವ ಒಬ್ಬ ಮೆಕ್ಯಾನಿಕ್ ಬಗ್ಗೆ. ಹಳೆಯ ಬ್ರಿಟಿಷ್ ಸಣ್ಣ ಕಾರುಗಳಿಗೆ ಮತ್ತೆ ಜೀವ ಕೊಡುವುದು ಅವರ ಕೆಲಸ. ಇಲ್ಲಿ ಚೆನ್ನೈಯಲ್ಲಿ ಎಲ್ಲರೂ ಅವರನ್ನು ಮೇಸ್ತ್ರಿ ಎನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಹೆಸರು ಹೇಳಬೇಡಿ ಎಂದು ಅವರೇ ಕೇಳಿಕೊಂಡಿದ್ದಾರೆ.

ನಮ್ಮದು ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರು. ಐವತ್ತು ದಾಟಿದವರಿಗೆ ನೆನಪಿರಬಹುದು, ಆಗ ರಸ್ತೆಯಲ್ಲಿ ಹೆಚ್ಚಾಗಿ ಕಾಣುತ್ತಿದ್ದವು ಮೂರೇ ಕಾರುಗಳು: ಅಂಬಾಸಿಡರ್, ಫಿಯೆಟ್, ಹೆರಾಲ್ಡ್. ಅಂಬಾಸಿಡರ್ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್‌ನ ವಂಶದ್ದು. ಹೆರಾಲ್ಡ್ ಕೂಡ ಅಲ್ಲಿಯದೇ, ಟ್ರಯಂಫ್ ಹೆರಾಲ್ಡ್. 1959ರಲ್ಲಿ ಅಲ್ಲಿ ಹೊರಬಂತು. ಅದರ ಅಂದದ ಮೈಕಟ್ಟನ್ನು ರೂಪಿಸಿದವರು ಇಟಲಿಯ ಮಿಕೆಲೊಟ್ಟಿ. 1961ರಿಂದ ಇದೇ ಚೆನ್ನೈಯ ಹೊರವಲಯದಲ್ಲಿ, ವಂಡಲೂರಿನ ಹತ್ತಿರ, ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಕಾರ್ಖಾನೆಯಲ್ಲಿ ತಯಾರಾಯಿತು. ಹಾಗಾಗಿ ಮೈಸೂರಿನಲ್ಲಿದ್ದ ನಮ್ಮ ಕಾರು ನನ್ನ ಜೊತೆ ಚೆನ್ನೈಗೆ ಬಂದದ್ದು ಒಂದು ರೀತಿಯಲ್ಲಿ ತವರಿಗೆ ಬಂದ ಹಾಗೆ.

ಅಪ್ಪ ತೀರಿಕೊಂಡ ಮೇಲೆ ಅದು ಎರಡು ವರ್ಷ ಶೆಡ್ಡಿನಲ್ಲೇ ನಿಂತಿತ್ತು. ಗುಜರಿಗೆ ಹಾಕೋಣ ಎಂದ ತಮ್ಮ. ಅವನದು ತಪ್ಪಲ್ಲ, ಜಾಗದ ತೊಂದರೆ. ನನಗೆ ಮನಸ್ಸು ಬರಲಿಲ್ಲ. ಒಂದು ಗ್ಯಾರೇಜಿಗೆ ಕೊಟ್ಟೆ. ಒಂದೇ ತಿಂಗಳಲ್ಲಿ ಫಳಫಳ ಹೊಳೆಯುವ ಕೆಂಪು ಬಣ್ಣ ಹೊಡೆದು ಕೊಟ್ಟರು. ಮನೆಯವರೆಲ್ಲ ಫೋಟೋ ತೆಗೆಸಿಕೊಂಡೆವು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಬಾಗಿಲಿನ ಕೆಳಗೆಲ್ಲ ಹಪ್ಪಳದ ಹಾಗೆ ಗುಳ್ಳೆ ಎದ್ದಿತು. ಒತ್ತಿದರೆ ಬೆರಳು ಒಳಗೇ ಹೋಯಿತು. ತಗಡು ಇರಬೇಕಾದ ಜಾಗದಲ್ಲಿ ಬರೀ ಪುಟ್ಟಿ ತುಂಬಿದ್ದರು.

ಆಗ ಯಾರೋ ಮೇಸ್ತ್ರಿಯ ದಾರಿ ತೋರಿಸಿದರು. ಅವರು ಕಾರಿನ ಸುತ್ತ ಒಂದು ಸುತ್ತು ಬಂದರು. ಬಣ್ಣದ ಕಡೆ ನೋಡಲೇ ಇಲ್ಲ. ನೆಲದ ಮೇಲೆ ಗೋಣಿ ಹಾಸಿಕೊಂಡು ಅಡಿಗೆ ನುಗ್ಗಿ, ಸಣ್ಣ ಸುತ್ತಿಗೆಯಿಂದ ಅಲ್ಲಲ್ಲಿ ಬಡಿದು ಸದ್ದು ಕೇಳಿದರು. ನಾವು ಮಡಕೆ ಕೊಳ್ಳುವಾಗ ತಟ್ಟಿ ನೋಡುವುದಿಲ್ಲವೇ, ಹಾಗೆ. ಹೊರಗೆ ಬಂದು, “ಅಮ್ಮಾ, ಎಂಟು ತಿಂಗಳು ಬೇಕು. ಬಣ್ಣ ಕೊನೆಗೆ. ಅವಸರ ಇದ್ದರೆ ಬೇರೆಯವರನ್ನು ನೋಡಿ” ಎಂದರು. ಆ ಮಾತಿಗೇ ನಾನು ಒಪ್ಪಿಬಿಟ್ಟೆ.

ಹೆರಾಲ್ಡ್‌ನ ವಿಶೇಷ ಏನೆಂದರೆ, ಆ ಕಾಲಕ್ಕೆ ಬಹಳಷ್ಟು ಸಣ್ಣ ಕಾರುಗಳು ಮೈಯೇ ಬೆನ್ನೆಲುಬು ಎನ್ನುವ ಹಾಗೆ ಒಂದೇ ತುಂಡಾಗಿ ಬರತೊಡಗಿದ್ದರೂ ಇದಕ್ಕೆ ಮಾತ್ರ ಬೇರೆ ಷಾಸಿ ಇದೆ. ಅದರ ಮೇಲೆ ಬಾಡಿಯ ಭಾಗಗಳನ್ನು ಬೋಲ್ಟ್ ಹಾಕಿ ಕೂರಿಸುತ್ತಾರೆ. ಬಾನೆಟ್ಟು ಎರಡು ಬದಿಯ ಮಡ್‌ಗಾರ್ಡುಗಳ ಸಮೇತ ಇಡಿಯಾಗಿ ಮುಂದಕ್ಕೆ ಮಗುಚಿಕೊಳ್ಳುತ್ತದೆ. ಕಾರಿನ ಮುಂಭಾಗವೇ ಬಾಯಿ ತೆರೆದ ಹಾಗೆ ಕಾಣುತ್ತದೆ. ಬಿಚ್ಚುವುದು ಸುಲಭ, ಜೋಡಿಸುವುದು ಕಷ್ಟ. ಷಾಸಿ ಮತ್ತು ಬಾಡಿಯ ನಡುವೆ ಷಿಮ್ ಎಂಬ ತೆಳ್ಳನೆಯ ಬಿಲ್ಲೆಗಳನ್ನು ಇಟ್ಟು ಮಟ್ಟ ಮಾಡಬೇಕು. ಹಿಂದೆ ಒಂದು ಬಿಲ್ಲೆ ಹೆಚ್ಚಾದರೆ ಮುಂದೆ ಬಾಗಿಲು ಕೂರುವುದಿಲ್ಲ. ಮೇಸ್ತ್ರಿ ಒಂದು ಬಾಗಿಲಿನ ಸಂದು ಮೇಲಿಂದ ಕೆಳಗಿನವರೆಗೆ ಒಂದೇ ಅಳತೆಗೆ ಬರಲಿ ಎಂದು ಮೂರು ದಿನ ಬಿಚ್ಚಿ ಹಾಕಿ, ಬಿಚ್ಚಿ ಹಾಕಿ ಮಾಡಿದರು. ಕೊಳೆತ ತಗಡನ್ನು ಕತ್ತರಿಸಿ ಹೊಸದನ್ನು ಬೆಸೆದರು. ಗಟ್ಟಿ ಇರುವ ಹಳೆಯ ತಗಡನ್ನು ಒಂದು ಅಂಗುಲವೂ ಹೆಚ್ಚು ಕತ್ತರಿಸಲಿಲ್ಲ.

ಇನ್ನೊಂದು ಸಂಗತಿ ಹೇಳಲೇಬೇಕು. ಮುಂದಿನ ಚಕ್ರವನ್ನು ಹಿಡಿದಿರುವ ಕಂಬದ ಬುಡದಲ್ಲಿ ಟ್ರನಿಯನ್ ಎಂಬ ಸಣ್ಣ ಕಂಚಿನ ಭಾಗವಿದೆ. ಸ್ಟಿಯರಿಂಗ್ ತಿರುಗಿಸಿದಾಗಲೆಲ್ಲ ಕಂಬದ ತಿರುಪು ಅದರೊಳಗೆ ತಿರುಗುತ್ತದೆ. ಅದಕ್ಕೆ ಗೇರ್ ಆಯಿಲ್ ಹಾಕಬೇಕು, ಗ್ರೀಸ್ ಅಲ್ಲ. ಗೊತ್ತಿಲ್ಲದವರು ಗ್ರೀಸ್ ತುಂಬುತ್ತಾರೆ. ಗ್ರೀಸ್ ತಿರುಪಿನ ಎಳೆಗಳಿಗೆ ಸರಿಯಾಗಿ ಹರಿಯುವುದಿಲ್ಲ, ನೀರು ಸೇರಿ ತುಕ್ಕು ಹಿಡಿಯುತ್ತದೆ, ಒಂದು ದಿನ ಕಂಬ ಮುರಿದು ಚಕ್ರವೇ ಮಡಚಿಕೊಳ್ಳುತ್ತದೆ. ನಮ್ಮ ಕಾರಿನದನ್ನು ಬಿಚ್ಚಿ, ತಿರುಪು ತಿಂದುಹೋಗಿದ್ದನ್ನು ಮೇಸ್ತ್ರಿ ನನ್ನ ಅಂಗೈ ಮೇಲೆ ಇಟ್ಟರು. “ಕೆಂಪು ಬಣ್ಣ ಹೊಡೆದುಕೊಂಡು ನೀವು ಓಡಾಡಿದ್ದು ಇದರ ಮೇಲೆ” ಎಂದರು. ನನ್ನ ಮಕ್ಕಳನ್ನು ಕೂರಿಸಿಕೊಂಡು ಮಹಾಬಲಿಪುರಕ್ಕೆ ಹೋಗಿ ಬಂದದ್ದು ನೆನಪಾಗಿ ಕೈ ನಡುಗಿತು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನಾಲ್ಕನೇ ತಿಂಗಳಲ್ಲಿ ಮೇಸ್ತ್ರಿ ಫೋನ್ ಮಾಡಿ, “ಅಮ್ಮಾ, ಈ ಕಾರನ್ನು ಯಾರು ಓಡಿಸುತ್ತಿದ್ದರು?” ಎಂದು ಕೇಳಿದರು.

“ನಮ್ಮಪ್ಪ. ಇನ್ಯಾರು?”

“ಅಪ್ಪ ಕುಳ್ಳಗಿದ್ದರೋ?”

ಅಪ್ಪ ಆರಡಿ ಆಳು. ಹೋಗಿ ನೋಡಿದೆ. ಕ್ಲಚ್ ಪೆಡಲಿನ ಮೇಲೆ ಒಂದೂವರೆ ಇಂಚು ದಪ್ಪದ ಮರದ ತುಂಡನ್ನು ಎರಡು ತಿರುಪು ಹಾಕಿ ಕೂರಿಸಿದ್ದರು. ಅದರ ಮೇಲೆ ರಬ್ಬರ್ ಸುತ್ತಿ ಕಪ್ಪಾಗಿದ್ದರಿಂದ ಇಷ್ಟು ವರ್ಷ ಯಾರ ಕಣ್ಣಿಗೂ ಬಿದ್ದಿರಲಿಲ್ಲ. “ಇದು ಕಂಪನಿಯದಲ್ಲ. ಕಾಲು ಎಟುಕದವರಿಗೆ ಯಾರೋ ಮಾಡಿಕೊಟ್ಟದ್ದು. ತೆಗೆಯಲೋ, ಬಿಡಲೋ? ಕೇಳಿ ಹೇಳಿ” ಎಂದರು ಮೇಸ್ತ್ರಿ.

ಅವತ್ತು ರಾತ್ರಿ ಅಮ್ಮನನ್ನು ಕೇಳಿದೆ. ಅಮ್ಮನಿಗೆ ಎಂಬತ್ತೊಂದು. ಹುರುಳಿಕಾಯಿ ಸೋಸುತ್ತಾ ಕೂತಿದ್ದವಳು ತಲೆ ಎತ್ತದೆ, “ಹ್ಞೂಂ, ನಾನೇ ಓಡಿಸ್ತಿದ್ದೆ. ನಿಮ್ಮಪ್ಪನಿಗೆ ಬಳ್ಳಾರಿಗೆ ವರ್ಗ ಆಗಿತ್ತಲ್ಲ, ಆ ಎರಡು ವರ್ಷ. ನಿಮ್ಮಜ್ಜಿಯನ್ನ ಆಸ್ಪತ್ರೆಗೆ ಕರ್ಕೊಂಡು ಹೋಗೋದು ನಂದೇ ಕೆಲಸ. ಆ ಮರದ ತುಂಡು ನಮ್ಮ ಬೀದಿ ಬಡಗಿ ಮಾಡಿಕೊಟ್ಟದ್ದು” ಎಂದಳು. ಅಗ್ರಹಾರದ ಆ ಇಕ್ಕಟ್ಟಿನ ಬೀದಿಯಲ್ಲಿ ಒಂದೇ ಸಲಕ್ಕೆ ತಿರುಗಿಸುತ್ತಿದ್ದಳಂತೆ. ಹೆರಾಲ್ಡ್ ಇಪ್ಪತ್ತೈದು ಅಡಿ ವೃತ್ತದಲ್ಲಿ ತಿರುಗುವ ಕಾರು, ನಂಬಬಹುದು. ಅಪ್ಪ ವಾಪಸು ಬಂದರು, ನಾನು ಹುಟ್ಟಿದೆ, ಅಮ್ಮ ಹಿಂದಿನ ಸೀಟಿಗೆ ಹೋದಳು. ಅಪ್ಪ ಆ ತುಂಡನ್ನು ತೆಗೆಸಲಿಲ್ಲ ಎನ್ನುವುದೂ ನನಗೆ ಆಗಲೇ ಹೊಳೆದದ್ದು.

“ನಂಗೆ ಯಾಕೆ ಹೇಳಲಿಲ್ಲ?” ಎಂದೆ.

“ನೀನು ಕೇಳಲಿಲ್ಲ.”

ಐವತ್ತು ವರ್ಷ ಆ ಕಾರನ್ನು ಅಪ್ಪನ ಕಾರು ಎನ್ನುತ್ತಲೇ ಬಂದಿದ್ದೆ. ನಿಜ ತಿಳಿಸಿದ್ದು ಅಮ್ಮನನ್ನು ನೋಡಿಯೇ ಇಲ್ಲದ ಒಬ್ಬ ಮೆಕ್ಯಾನಿಕ್. ಬೇರೆ ಯಾರಾದರೂ ಆ ತುಂಡನ್ನು ಕಿತ್ತು ಕಸಕ್ಕೆ ಎಸೆಯುತ್ತಿದ್ದರು. ನಾನು ಮೆಚ್ಚಿದ್ದು ಅವರ ವೆಲ್ಡಿಂಗನ್ನು ಮಾತ್ರವಲ್ಲ. ಯಾವುದನ್ನು ತೆಗೆಯಬೇಕು, ಯಾವುದನ್ನು ಬಿಡಬೇಕು ಎಂಬಲ್ಲಿ ಅವರು ಕೈ ತಡೆದು ಕೇಳಿದರಲ್ಲ, ಅದನ್ನು.

ಎಂಟಲ್ಲ, ಹತ್ತು ತಿಂಗಳಾಯಿತು. ಕೆಂಪು ಹೋಗಿ ಮೊದಲಿನ ತಿಳಿ ಬೂದು ಬಣ್ಣ ಬಂತು. ಕಾರು ತರಲು ಅಮ್ಮನನ್ನೂ ಕರೆದುಕೊಂಡು ಹೋದೆ. ಮೇಸ್ತ್ರಿ ಡ್ರೈವರ್ ಸೀಟಿನ ಬಾಗಿಲು ತೆಗೆದು ನಿಂತರು. ಅಮ್ಮ ಸೆರಗು ಸಿಕ್ಕಿಸಿಕೊಂಡು ಕೂತಳು, ಎಡಗಾಲು ಆ ಮರದ ತುಂಡಿನ ಮೇಲಿಟ್ಟು ಒತ್ತಿದಳು. “ಈಗ ಹಗುರ ಇದೆ. ಆಗ ಸ್ವಲ್ಪ ಬಿಗಿ ಇತ್ತು” ಎಂದಳು. ನಾನು ತಮಿಳಿನಲ್ಲಿ ಹೇಳಿದೆ. ಕ್ಲಚ್ಚಿನ ಸಿಲಿಂಡರು ಹೊಸದು ಹಾಕಿದ್ದರಂತೆ. ದುಡ್ಡು ಕೈಗೆ ಕೊಟ್ಟಾಗ ಕಾಣದ ನಗು ಮೇಸ್ತ್ರಿಯ ಮುಖದಲ್ಲಿ ಆಗ ಕಂಡೆ.

ಮನೆಯಲ್ಲಿ ಹಳೆಯ ಗಾಡಿ ಇರುವವರಿಗೆ ಒಂದು ಮಾಹಿತಿ. 2021ರ ಕೇಂದ್ರದ ನಿಯಮದಂತೆ, ಮೊದಲ ನೋಂದಣಿಯಾಗಿ ಐವತ್ತು ವರ್ಷ ದಾಟಿದ, ಷಾಸಿ, ಬಾಡಿ, ಎಂಜಿನ್ ಹೆಚ್ಚು ಬದಲಾಗದ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಆದರೆ ಅದನ್ನು ದಿನನಿತ್ಯ ಓಡಿಸುವ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ, ಪೆಟ್ರೋಲ್ ತುಂಬಿಸುವುದು, ರಿಪೇರಿ ಇಂಥವಕ್ಕೆ ಮಾತ್ರ ಹೊರತೆಗೆಯಬಹುದು. ಆದ್ದರಿಂದ ರಿಪೇರಿಗೆ ಕೊಡುವ ಮುನ್ನ ಯೋಚಿಸಿ, ಹೊಳಪಿಗೆ ಮಾರುಹೋಗಬೇಡಿ.

ಹಾಗೇ, ಮನೆಯಲ್ಲಿ ಅಮ್ಮನೋ ಅತ್ತೆಯೋ ಇದ್ದರೆ ಇವತ್ತೇ ಒಂದು ಮಾತು ಕೇಳಿ. ನಮ್ಮಮ್ಮನ ಹಾಗೆ ಅವರೂ ಯಾರಾದರೂ ಕೇಳಲಿ ಎಂದು ಕಾಯುತ್ತಿರಬಹುದು.