ಯಾವ ಗಣಕಯಂತ್ರ ಕೊಳ್ಳೋಣ? ಸಂಘಕ್ಕೆ ಯಾವುದು, ಮನೆಗೆ ಯಾವುದು?

(ಸಂಘದ ಬೆಳ್ಳಿಹಬ್ಬದ ವಿಚಾರಗೋಷ್ಠಿಯಲ್ಲಿ ಗಣಕಯಂತ್ರ ಉಪಸಮಿತಿಯ ಪರವಾಗಿ ಮಾಡಿದ ಭಾಷಣ)



ಸಾಲ, ಠೇವಣಿ, ಗೊಬ್ಬರದ ವಿಚಾರಗಳನ್ನು ತಿಳಿದವರು ಈಗಾಗಲೇ ಮಾತಾಡಿದ್ದಾರೆ. ನಮ್ಮ ಉಪಸಮಿತಿಗೆ ಒಪ್ಪಿಸಿರುವುದು ಮೇಲ್ನೋಟಕ್ಕೆ ಸಣ್ಣ ವಿಷಯ. ಕಚೇರಿಗೆ ಹೊಸ ಗಣಕಯಂತ್ರ ಕೊಳ್ಳಬೇಕು, ಯಾವ ಬಗೆಯದು ಕೊಳ್ಳೋಣ ಎಂಬುದು. ಆದರೆ ತಾವು ಯೋಚಿಸಿ ನೋಡಿ, ಪ್ರತಿಯೊಬ್ಬ ಸದಸ್ಯರ ಷೇರು, ಪಿಗ್ಮಿ, ಸಾಲದ ಬಾಕಿ ಎಲ್ಲವೂ ಇವತ್ತು ಆ ಪೆಟ್ಟಿಗೆಯೊಳಗೇ ಇದೆ. ಆದ್ದರಿಂದ ಇದು ಬರೀ ಯಂತ್ರದ ಮಾತಲ್ಲ, ನಮ್ಮೆಲ್ಲರ ಲೆಕ್ಕದ ಮಾತು.

ಈ ಪ್ರಶ್ನೆ ಈಗಲೇ ಏಕೆ ಬಂತು ಅಂತ ಕೆಲವರು ಕೇಳಿದ್ದಾರೆ. ಕಚೇರಿಯ ಯಂತ್ರಗಳಲ್ಲಿರುವುದು ವಿಂಡೋಸ್ 10. ಇದು 2015ರ ಜುಲೈನಲ್ಲಿ ಬಂದದ್ದು. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಕಂಪನಿ ಇದರ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಯಂತ್ರ ಮರುದಿನವೇ ಕೆಟ್ಟು ಹೋಗಲಿಲ್ಲ, ಎಂದಿನಂತೆ ನಡೆಯುತ್ತಿದೆ. ಆದರೆ ಅದರಲ್ಲಿ ಕಳ್ಳರು ಹೊಸ ಕಿಂಡಿ ಕಂಡುಹಿಡಿದರೆ ಮುಚ್ಚುವ ತೇಪೆ ಇನ್ನು ತಾನಾಗಿ ಬರುವುದಿಲ್ಲ. ಸಂಸ್ಥೆಗಳು ಹಣ ಕೊಟ್ಟರೆ ಹೆಚ್ಚೆಂದರೆ ಇನ್ನು 3 ವರ್ಷ ತೇಪೆ ಪಡೆಯಬಹುದು, ಅದರ ದರವೂ ವರ್ಷದಿಂದ ವರ್ಷಕ್ಕೆ ದುಪ್ಪಟ್ಟಾಗುತ್ತದೆ. ತೇಪೆಯ ಬೆಲೆ ಏನು ಅಂತ 2017ರ ಮೇ ತಿಂಗಳಲ್ಲಿ ಜಗತ್ತಿಗೇ ಗೊತ್ತಾಯಿತು. ವಾನ್ನಾಕ್ರೈ ಎಂಬ ಪಿಡುಗು 150ಕ್ಕೂ ಹೆಚ್ಚು ದೇಶಗಳಲ್ಲಿ ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಅದರ ತೇಪೆ ಎರಡು ತಿಂಗಳ ಮುಂಚೆ, ಮಾರ್ಚಿನಲ್ಲೇ ಬಂದಿತ್ತು. ಹಾಕಿಕೊಳ್ಳದವರ ಯಂತ್ರಗಳೇ ಬಲಿಯಾದವು.

ಈಗ ಮುಖ್ಯ ವಿಷಯಕ್ಕೆ ಬರೋಣ. ಗಣಕಯಂತ್ರವನ್ನು ನಡೆಸುವುದಕ್ಕೆ ಒಂದು ಮೂಲ ತಂತ್ರಾಂಶ ಬೇಕು. ಪೇಟೆಯಲ್ಲಿ ಮೂರು ಬಗೆ ಇವೆ: ವಿಂಡೋಸ್, ಮ್ಯಾಕ್, ಲಿನಕ್ಸ್. ಟ್ರ್ಯಾಕ್ಟರ್ ಕೊಳ್ಳುವಾಗ ನಾವು ಬಣ್ಣ ನೋಡಿ ಕೊಳ್ಳುತ್ತೇವೆಯೇ? ಮನೆಯಲ್ಲಿರುವ ನೇಗಿಲು, ರೋಟವೇಟರ್, ಟ್ರೈಲರ್ ಅದಕ್ಕೆ ಕೂಡುತ್ತದೋ ಇಲ್ಲವೋ, ಕೆಟ್ಟರೆ ರಿಪೇರಿ ಮಾಡುವವರು ಹತ್ತಿರ ಇದ್ದಾರೋ ಇಲ್ಲವೋ ಅಂತ ಮೊದಲು ವಿಚಾರಿಸುತ್ತೇವೆ. ಇಲ್ಲೂ ಅಷ್ಟೇ.

ಈ ಮೂರೂ ಬೇರೆ ಬೇರೆ ದಾರಿಯಲ್ಲಿ ಬೆಳೆದವು. 1981ರಲ್ಲಿ ಐಬಿಎಂ ಕಂಪನಿ ಹೊರತಂದ ಪರ್ಸನಲ್ ಕಂಪ್ಯೂಟರ್, ಅಂಗಡಿಯಲ್ಲಿ ಸಿಗುವ ಬಿಡಿಭಾಗಗಳಿಂದಲೇ ಕಟ್ಟಿದ್ದು. ಹಾಗಾಗಿ ಬೇರೆ ಕಂಪನಿಗಳೂ ಅಂಥದ್ದೇ ಯಂತ್ರ ಮಾಡಿದವು, ಬೆಲೆ ಇಳಿಯಿತು. ಅವುಗಳ ಮೇಲೆ ಮೈಕ್ರೋಸಾಫ್ಟಿನ ತಂತ್ರಾಂಶ ಓಡಿತು. ತಾಲೂಕು ಪೇಟೆಯಲ್ಲಿ ಇವತ್ತಿಗೂ ಬಿಡಿಭಾಗ ಸಿಗುತ್ತದೆ ಅಂದರೆ ಕಾರಣ ಇದೇ. ಆಪಲ್ ಕಂಪನಿ 1984ರಲ್ಲಿ ಮ್ಯಾಕಿಂತೋಷ್ ತಂದಿತು. ಯಂತ್ರ, ತಂತ್ರಾಂಶ ಎರಡನ್ನೂ ತಾನೇ ಮಾಡಿತು, ಇಂದಿಗೂ ಹಾಗೇ ನಡೆಸಿಕೊಂಡು ಬಂದಿದೆ. ಒಂದಕ್ಕೊಂದು ಚೆನ್ನಾಗಿ ಹೊಂದುತ್ತವೆ, ಆದರೆ ಕೊಳ್ಳುವುದು ಒಬ್ಬರಿಂದಲೇ. ಪುಟವಿನ್ಯಾಸ, ಚಿತ್ರ, ಸಂಗೀತದ ಕೆಲಸದವರಿಗೆ ಅದು ಅಚ್ಚುಮೆಚ್ಚು. ಮೂರನೆಯದು ಲಿನಕ್ಸ್. ಫಿನ್ಲೆಂಡಿನ ವಿದ್ಯಾರ್ಥಿ ಲೈನಸ್ ಟಾರ್ವಾಲ್ಡ್ಸ್ 1991ರಲ್ಲಿ ಶುರು ಮಾಡಿದ್ದು. ಜಗತ್ತಿನ ಸಾವಿರಾರು ಜನ ಕೂಡಿ ಬೆಳೆಸಿದರು. ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಪರವಾನಗಿ ಶುಲ್ಕವಿಲ್ಲ. ಸಹಕಾರ ತತ್ವದಲ್ಲಿ ನಂಬಿಕೆಯಿಟ್ಟ ನಮಗೆ ಇದು ಹತ್ತಿರದ್ದು ಅನಿಸುವುದು ಸಹಜವೇ. ಆದರೆ ಹತ್ತಿರ ಅನಿಸಿದ ಮಾತ್ರಕ್ಕೆ ಕೌಂಟರಿನ ಕೆಲಸ ನಡೆಯಬೇಕಲ್ಲ!

ಆದಕಾರಣ ನಾವು ಮಾಡಿದ್ದೇನೆಂದರೆ, ಕಚೇರಿಯ ಕೆಲಸಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದೆವು. ನಗದು ಪುಸ್ತಕ, ಖಾತೆ ಪುಸ್ತಕ, ಪಾಸ್‌ಬುಕ್ ಮುದ್ರಣ, ಬೆರಳಚ್ಚು ಯಂತ್ರ, ಡಿಜಿಟಲ್ ಸಹಿಯ ಕೀಲಿ, ಸರ್ಕಾರಕ್ಕೆ ಸಲ್ಲಿಸುವ ನಮೂನೆಗಳು, ಸಭಾ ನಡವಳಿ, ನೋಟೀಸು. ಒಂದೊಂದರ ಮುಂದೆಯೂ ಇದು ಯಾವುದರಲ್ಲಿ ನಡೆಯುತ್ತದೆ ಅಂತ ಬರೆದೆವು. ಆಗ ಚಿತ್ರ ಸ್ಪಷ್ಟವಾಯಿತು. ಲೆಕ್ಕಕ್ಕೆ ಬಹಳ ಸಂಸ್ಥೆಗಳು ಬಳಸುವ, ನಮ್ಮ ಬೆಂಗಳೂರಿನಲ್ಲೇ ಹುಟ್ಟಿದ ಟ್ಯಾಲಿ ವಿಂಡೋಸಿಗಾಗಿ ಮಾಡಿದ್ದು. ನಮ್ಮ ಲೆಕ್ಕದ ತಂತ್ರಾಂಶವೂ ಹಾಗೇ. ಬೆರಳಚ್ಚು, ಪಾಸ್‌ಬುಕ್ ಯಂತ್ರಗಳನ್ನು ಮಾರಿದವರು ಬಂದು ಜೋಡಿಸಿಕೊಡುವುದೂ ವಿಂಡೋಸಿಗೇ. ಆದ್ದರಿಂದ ಹಣ ಕೊಟ್ಟು ತೆಗೆದುಕೊಳ್ಳುವ ಕೌಂಟರುಗಳಿಗೆ ಸದ್ಯಕ್ಕೆ ವಿಂಡೋಸೇ ಸರಿ. ಇದರಲ್ಲಿ ಹಟ ಬೇಡ.

ಆದರೆ ಎರಡು ಎಚ್ಚರಿಕೆ ಹೇಳಲೇಬೇಕು. ಒಂದು, ವಿಂಡೋಸ್ 11 ಎಲ್ಲ ಹಳೆಯ ಯಂತ್ರಕ್ಕೂ ಕೂಡುವುದಿಲ್ಲ. ಟಿಪಿಎಂ 2.0 ಎಂಬ ಭದ್ರತೆಯ ಅಂಗ ಬೇಕು. ಇಂಟೆಲ್ ಆದರೆ ಸಾಮಾನ್ಯವಾಗಿ 8ನೇ ತಲೆಮಾರಿನದು ಅಥವಾ ಅದಕ್ಕೂ ಹೊಸದಾಗಿರಬೇಕು. ಕಡಿಮೆ ಬೆಲೆಗೆ ಸಿಗುತ್ತದೆ ಅಂತ ಸೆಕೆಂಡ್ ಹ್ಯಾಂಡ್ ತರುವವರು ಇದನ್ನು ಕೇಳಿಯೇ ತರಬೇಕು. ಎರಡು, ಅಂಗಡಿಯವರು ‘ಫ್ರೀಯಾಗಿ ಹಾಕಿಕೊಡ್ತೀವಿ ಬಿಡಿ ಸಾರ್’ ಅನ್ನುವ ಕಳ್ಳ ಪ್ರತಿ ಬೇಡವೇ ಬೇಡ. 1957ರ ಹಕ್ಕುಸ್ವಾಮ್ಯ ಕಾಯಿದೆಯ 63ಬಿ ಕಲಮಿನ ಪ್ರಕಾರ ಗೊತ್ತಿದ್ದೂ ಕಳ್ಳ ಪ್ರತಿ ಬಳಸಿದರೆ 7 ದಿನದಿಂದ 3 ವರ್ಷದವರೆಗೆ ಸಜೆ, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ ಉಂಟು. ಸಾಲಗಾರರಿಗೆ ಕಾನೂನು ಹೇಳುವ ಸಂಘ ತಾನೇ ಕಾನೂನು ಮುರಿಯಬಾರದು.

ಹಾಗಾದರೆ ಹಳೆಯ ಯಂತ್ರಗಳನ್ನು ಗುಜರಿಗೆ ಹಾಕೋದಾ? ಬೇಡ. ಇಲ್ಲಿ ಲಿನಕ್ಸ್ ಕೈಹಿಡಿಯುತ್ತದೆ. ಲಿನಕ್ಸ್ ಮಿಂಟ್ ಎಂಬುದಕ್ಕೆ 4 ಜಿಬಿ ರ್‍ಯಾಮ್ ಇದ್ದರೆ ಆರಾಮ. 22ನೇ ಆವೃತ್ತಿಗೆ 2029ರ ಏಪ್ರಿಲ್‌ವರೆಗೂ ತೇಪೆ ಬರುತ್ತದೆ. ನೋಡುವುದಕ್ಕೆ ಹಳೆಯ ವಿಂಡೋಸಿನ ಹಾಗೇ ಇದೆ. ಅದರ ಜೊತೆ ಬರುವ ಲಿಬ್ರೆ ಆಫೀಸಿನಲ್ಲಿ ಪತ್ರ ಬರೆಯಬಹುದು, ಕೋಷ್ಟಕ ಮಾಡಬಹುದು. ಒಂದು ಪೆನ್ ಡ್ರೈವಿನಲ್ಲಿ ಹಾಕಿ, ಯಂತ್ರದಲ್ಲಿರುವುದನ್ನು ಮುಟ್ಟದೆಯೇ ನಡೆಸಿ ನೋಡುವ ಸೌಲಭ್ಯವೂ ಇದೆ. ಮುದ್ರಕ ಹಿಡಿಯಿತೇ, ಇಂಟರ್ನೆಟ್ ಬಂತೇ ಅಂತ ಅಲ್ಲೇ ಪರೀಕ್ಷೆ ಮಾಡಿ ನಂತರ ಸ್ಥಾಪಿಸಬಹುದು.

ಮನೆಗೆ ಯಾವುದು ಅಂತ ಸದಸ್ಯರು ಕೇಳುತ್ತಲೇ ಇರುತ್ತಾರೆ. ನಮ್ಮ ಉತ್ತರ ಇಷ್ಟೆ. ಪಹಣಿ ತೆಗೆಯೋದು, ವಿದ್ಯುತ್ ಬಿಲ್ ಕಟ್ಟೋದು, ಮಕ್ಕಳ ಅರ್ಜಿ ತುಂಬೋದು, ಮೊಮ್ಮಕ್ಕಳ ಜೊತೆ ವಿಡಿಯೋದಲ್ಲಿ ಮಾತಾಡೋದು, ಇವೆಲ್ಲ ಈಗ ಬ್ರೌಸರಿನಲ್ಲೇ ಆಗುವ ಕೆಲಸ. ಇದಕ್ಕೆ ಮೂರರಲ್ಲಿ ಯಾವುದಾದರೂ ನಡೆದೀತು, ಮನೆಯಲ್ಲಿ ಹಳೆಯದು ಇದ್ದರೆ ಲಿನಕ್ಸ್ ಹಾಕಿಸಿ. ಮಗನೋ ಮಗಳೋ ಇಂಜಿನಿಯರಿಂಗ್ ಓದುತ್ತಿದ್ದರೆ ಕಾಲೇಜಿನ ಪ್ರಯೋಗಾಲಯದಲ್ಲಿ ಏನಿದೆ ಕೇಳಿ. ಕೆಲವು ನಕ್ಷೆಯ ತಂತ್ರಾಂಶಗಳು ವಿಂಡೋಸನ್ನೇ ಬೇಡುತ್ತವೆ. ಪ್ರೋಗ್ರಾಮಿಂಗ್ ಕಲಿಯುವವರಿಗೆ ಲಿನಕ್ಸ್ ಒಳ್ಳೆಯ ಪಾಠಶಾಲೆ. ವಿಡಿಯೋ, ಸಂಗೀತ, ವಿನ್ಯಾಸವನ್ನೇ ಜೀವನೋಪಾಯ ಮಾಡಿಕೊಳ್ಳುವವರಿಗೆ ಮ್ಯಾಕ್ ದುಡಿದು ಕೊಡುತ್ತದೆ. 2024ರಲ್ಲಿ ಬಂದ ಮ್ಯಾಕ್ ಮಿನಿ 59,900 ರೂಪಾಯಿಗೆ ಬಿಡುಗಡೆಯಾಯಿತು, ಅದಕ್ಕೆ ಪರದೆ, ಕೀಲಿಮಣೆ ಬೇರೆ ಕೊಳ್ಳಬೇಕು. ಅದರ ರ್‍ಯಾಮ್ ಅನ್ನು ಆಮೇಲೆ ಹೆಚ್ಚಿಸುವ ಹಾಗಿಲ್ಲ. ಕೊಳ್ಳುವಾಗಲೇ ಯೋಚಿಸಬೇಕು.

ಇನ್ನು ಕನ್ನಡದ ವಿಚಾರ. ಇದನ್ನು ಎಲ್ಲರೂ ಗಮನವಿಟ್ಟು ಕೇಳಬೇಕೆಂದು ಪ್ರಾರ್ಥನೆ. ಹಿಂದೆ ನಮ್ಮ ನಡವಳಿಗಳನ್ನು ಟೈಪ್ ಮಾಡುತ್ತಿದ್ದ ಅಕ್ಷರಶೈಲಿಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ತುಂಡುಗಳನ್ನು ಕೂರಿಸಿರುತ್ತಿದ್ದರು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಎಲ್ಲ ಕಲಸುಮೇಲೋಗರ. ಯೂನಿಕೋಡ್ ಪದ್ಧತಿಯಲ್ಲಿ ಹಾಗಲ್ಲ. ಕನ್ನಡದ ಪ್ರತಿ ಅಕ್ಷರಕ್ಕೂ ಅದರದೇ ಸಂಖ್ಯೆ ಉಂಟು, ‘ಕ’ ಅಂದರೆ 3221. ವಿಂಡೋಸಿನಲ್ಲೂ ಅದೇ, ಮ್ಯಾಕಿನಲ್ಲೂ ಅದೇ, ಲಿನಕ್ಸಿನಲ್ಲೂ ಅದೇ, ನಿಮ್ಮ ಜೇಬಿನ ಫೋನಿನಲ್ಲೂ ಅದೇ. ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ, ನುಡಿಯಲ್ಲಿ ನಮ್ಮ ಸಿಬ್ಬಂದಿಗೆ ಕೈ ಕುದುರಿರುವ ಕೀಲಿಮಣೆ ಲಿನಕ್ಸಿನಲ್ಲೂ ‘ಕಗಪ’ ಎಂಬ ಹೆಸರಿನಲ್ಲಿ ಸಿಗುತ್ತದೆ. ಹಳೆಯ ಕಡತಗಳನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳು ನುಡಿ, ಬರಹ ಎರಡರಲ್ಲೂ ಇವೆ. ಬದಲಿಸಿದ ಮೇಲೆ ಒತ್ತಕ್ಷರ, ಅಂಕಿಗಳನ್ನು ಒಬ್ಬರು ಕೂತು ತಾಳೆ ನೋಡಬೇಕು. ಇದನ್ನು ಮಾಡದೆ ಹೊಸ ಯಂತ್ರ ತಂದರೆ ಹಳೆಯ ಠರಾವುಗಳನ್ನು ನಮ್ಮ ಮಕ್ಕಳು ಓದಲಾರರು.

ಲೆಕ್ಕಕ್ಕೂ ಇದೇ ಮಾತು. ತಂತ್ರಾಂಶ ಮಾರುವವರನ್ನು ನಾವು ಕೇಳಬೇಕಾದ ಪ್ರಶ್ನೆ ಒಂದೇ: ಸ್ವಾಮಿ, ನಾಳೆ ನಿಮ್ಮ ಅಂಗಡಿ ಮುಚ್ಚಿದರೆ ನಮ್ಮ ಲೆಕ್ಕ ನಮ್ಮ ಕೈಗೆ ಹೇಗೆ ಬರುತ್ತದೆ? ಎಲ್ಲ ಖಾತೆಗಳನ್ನೂ ಯಾವ ಯಂತ್ರದಲ್ಲಾದರೂ ತೆರೆಯುವ ಸಾದಾ ಕೋಷ್ಟಕವಾಗಿ, ಅಂದರೆ ಸಿಎಸ್‌ವಿ ಕಡತವಾಗಿ, ಇಳಿಸಿಕೊಡುತ್ತೀರಾ? ಇದಕ್ಕೆ ಹೌದು ಎಂದು ಬರವಣಿಗೆಯಲ್ಲಿ ಕೊಡದವರ ತಂತ್ರಾಂಶ ಎಷ್ಟು ಅಗ್ಗವಾದರೂ ದುಬಾರಿಯೇ. ಯಂತ್ರ ಹತ್ತು ವರ್ಷ ಬಾಳೀತು, ಸದಸ್ಯರ ಲೆಕ್ಕ ಮೂರು ತಲೆಮಾರು ಬಾಳಬೇಕು.

ಬದಲಾವಣೆಯಲ್ಲಿ ಯಂತ್ರಕ್ಕಿಂತ ಜನ ಮುಖ್ಯ ಎಂಬುದಕ್ಕೆ ಎರಡು ಉದಾಹರಣೆ ಕೊಟ್ಟು ಮುಗಿಸುತ್ತೇವೆ. ಜರ್ಮನಿಯ ಮ್ಯೂನಿಕ್ ನಗರಸಭೆ 2003ರಲ್ಲಿ ಲಿನಕ್ಸಿಗೆ ಹೋಗಲು ತೀರ್ಮಾನಿಸಿ, 2013ರ ಹೊತ್ತಿಗೆ ಸುಮಾರು 15 ಸಾವಿರ ಗಣಕಗಳನ್ನು ಬದಲಿಸಿತು. 2017ರಲ್ಲಿ ಮತ್ತೆ ವಿಂಡೋಸಿಗೆ ಮರಳಲು ಮತ ಹಾಕಿತು. ಹೊರಗಿನವರೊಂದಿಗೆ ಕಡತ ಹೊಂದುವುದಿಲ್ಲ ಎಂಬ ದೂರು, ರಾಜಕೀಯ ಎರಡೂ ಸೇರಿದ್ದವು. ನಮ್ಮ ಪಕ್ಕದ ಕೇರಳದಲ್ಲಾದರೋ, ಸರ್ಕಾರಿ ಶಾಲೆಗಳ ಗಣಕ ಶಿಕ್ಷಣ ಮುಕ್ತ ತಂತ್ರಾಂಶದಲ್ಲೇ ನೆಲೆ ನಿಂತಿದೆ. ಅಲ್ಲಿ ಶಿಕ್ಷಕರಿಗೆ ತರಬೇತಿ ಕೊಟ್ಟು, ಪಾಠವನ್ನೂ ಪರೀಕ್ಷೆಯನ್ನೂ ಅದಕ್ಕೇ ಹೊಂದಿಸಿದರು.

ಆದ್ದರಿಂದ ಉಪಸಮಿತಿಯ ಶಿಫಾರಸು ಹೀಗಿದೆ. ಕೌಂಟರುಗಳಿಗೆ ಪರವಾನಗಿ ಸಹಿತ ವಿಂಡೋಸ್ 11 ಯಂತ್ರ. ಹಳೆಯ ಯಂತ್ರಗಳಲ್ಲಿರುವ ಸದಸ್ಯರ ಮಾಹಿತಿಯನ್ನು ಪೂರ್ತಿ ಅಳಿಸಿ, ಲಿನಕ್ಸ್ ಹಾಕಿ, ಪತ್ರವ್ಯವಹಾರಕ್ಕೂ ಸದಸ್ಯರ ಮಕ್ಕಳ ಅಭ್ಯಾಸಕ್ಕೂ ಬಿಟ್ಟುಕೊಡುವುದು. ಕನ್ನಡ ಬರವಣಿಗೆ ಇನ್ನು ಮುಂದೆ ಯೂನಿಕೋಡಿನಲ್ಲೇ. ಪ್ರತಿ ಸಂಜೆ ಲೆಕ್ಕದ ಒಂದು ಪ್ರತಿ ಬೇರೆ ಡಿಸ್ಕಿನಲ್ಲಿ, ತಿಂಗಳಿಗೊಂದು ಪ್ರತಿ ಕಚೇರಿಯ ಹೊರಗಿನ ಲಾಕರಿನಲ್ಲಿ. ಆ ಪ್ರತಿಯನ್ನು ತಿಂಗಳಿಗೊಮ್ಮೆ ಇನ್ನೊಂದು ಯಂತ್ರದಲ್ಲಿ ತೆರೆದು ಕಾರ್ಯದರ್ಶಿಗಳೂ ಒಬ್ಬ ನಿರ್ದೇಶಕರೂ ನೋಡಿ ಸಹಿ ಹಾಕುವುದು. ಸಿಬ್ಬಂದಿಗೆ ಒಂದು ವಾರದ ತರಬೇತಿ, ಅದಕ್ಕೆ ಬೇಕಾದ ಹಣವನ್ನು ಯಂತ್ರದ ಬೆಲೆಯ ಜೊತೆಯಲ್ಲೇ ಮಂಜೂರು ಮಾಡುವುದು.

ಮಹಾಸಭೆ ಇದನ್ನು ಚರ್ಚಿಸಿ, ತಿದ್ದುವುದನ್ನು ತಿದ್ದಿ, ಒಪ್ಪಿಗೆ ಕೊಡಬೇಕೆಂದು ಕೋರುತ್ತೇವೆ.  ಸಹಕಾರ ಚಳವಳಿಗೆ ಜಯವಾಗಲಿ. ಜೈ ಹಿಂದ್, ಜೈ ಕರ್ನಾಟಕ.