ಗಟ್ಟಿ ಗುಂಡಿಗೆಯ ರಕ್ಷಣಾ ಆಟಗಾರ



ಧೈರ್ಯವಂತರನ್ನು ಕಂಡಾಗ ನಾವು 'ಇವನದು ಗಟ್ಟಿ ಗುಂಡಿಗೆ' ಎನ್ನುತ್ತೇವೆ. ಆದರೆ ಗುಂಡಿಗೆಯ ಸ್ನಾಯು ನಿಜವಾಗಿಯೇ ದಪ್ಪವಾಗಿ ಗಡುಸಾಗಿಬಿಟ್ಟರೆ? ಆಗ ಅದು ಕಾಯಿಲೆ. ಹತ್ತೊಂಬತ್ತರ ಆಸುಪಾಸಿನಲ್ಲಿ ಈ ಎರಡೂ ಅರ್ಥದ ಗಟ್ಟಿ ಗುಂಡಿಗೆಯನ್ನು ಹೊತ್ತು ನಿಂತ ಒಬ್ಬ ಫುಟ್‌ಬಾಲ್ ಆಟಗಾರನ ಕತೆಯನ್ನು ಈಗ ಹೇಳುತ್ತೇನೆ. ಪರದೆಯ ಮೇಲೆ ಚಿತ್ರ ಓಡಿಹೋಗುತ್ತದೆ, ಪುಟದ ಮೇಲಾದರೆ ನೀವು ನಿಂತು ಓದಬಹುದು. ಹಾಗಾಗಿ ವಿಜ್ಞಾನದ ಭಾಗವನ್ನು ಇಲ್ಲಿ ಕೊಂಚ ನಿಧಾನವಾಗಿ ವಿವರಿಸಿದ್ದೇನೆ.

ಆತನ ಹೆಸರು ಅನ್ವರ್ ಅಲಿ. ಪಂಜಾಬಿನ ಜಲಂಧರ್ ಜಿಲ್ಲೆಯ ಆದಂಪುರದವನು. ಹುಟ್ಟಿದ್ದು 2000ದ ಆಗಸ್ಟ್‌ನಲ್ಲಿ. ಮಿನರ್ವಾ ಅಕಾಡೆಮಿಯಲ್ಲಿ ಪಳಗಿದ ಈತ ರಕ್ಷಣಾ ಸಾಲಿನ ನಡುವಿನ ಆಟಗಾರ. ದೂರದರ್ಶನದಲ್ಲಿ ಕೆಲಸ ಮಾಡುವ ನನ್ನಂಥವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ಕ್ಯಾಮೆರಾ ಚೆಂಡಿನ ಹಿಂದೆ ಓಡುತ್ತದೆ, ಚೆಂಡು ಗೋಲು ಹೊಡೆಯುವವನ ಹಿಂದೆ ಓಡುತ್ತದೆ. ರಕ್ಷಣಾ ಆಟಗಾರ ಪರದೆಯ ತುಂಬ ಕಾಣಿಸುವುದು ಬಹುಮಟ್ಟಿಗೆ ತಪ್ಪು ಮಾಡಿದಾಗಲೇ. ಸರಿಯಾದ ಜಾಗದಲ್ಲಿ ಸುಮ್ಮನೆ ನಿಂತು ಎದುರಾಳಿಯ ದಾರಿ ಮುಚ್ಚುವುದು, ಎತ್ತರದ ಚೆಂಡನ್ನು ತಲೆಯಿಂದ ಹೊರಗಟ್ಟುವುದು, ಕಸಿದ ಚೆಂಡನ್ನು ಗಾಬರಿಯಾಗದೆ ಮುಂದಿನವನಿಗೆ ದಾಟಿಸುವುದು - ಇವು ಅವನ ಕೆಲಸಗಳು. ಇವಕ್ಕೆ ಚಪ್ಪಾಳೆ ಕಡಿಮೆ.

2017ರ ಅಕ್ಟೋಬರ್‌ನಲ್ಲಿ ಹದಿನೇಳು ವರ್ಷದೊಳಗಿನವರ ವಿಶ್ವಕಪ್ ಭಾರತದಲ್ಲೇ ನಡೆಯಿತು. ನಮ್ಮ ತಂಡ ಅಮೆರಿಕ, ಕೊಲಂಬಿಯಾ ಮತ್ತು ಘಾನಾ ವಿರುದ್ಧ ಮೂರೂ ಪಂದ್ಯಗಳನ್ನು ಸೋತಿತು. ಅನ್ವರ್ ಆ ತಂಡದ ರಕ್ಷಣಾ ಸಾಲಿನಲ್ಲಿದ್ದ. ಮರುವರ್ಷ, 2018ರ ಆಗಸ್ಟ್‌ನಲ್ಲಿ, ಸ್ಪೇನ್ ದೇಶದಲ್ಲಿ ನಡೆದ ಕೋಟಿಫ್ ಕಪ್‌ನಲ್ಲಿ ಇಪ್ಪತ್ತು ವರ್ಷದೊಳಗಿನ ಭಾರತ ತಂಡ ಅರ್ಜೆಂಟೀನಾವನ್ನು 2-1ರಿಂದ ಸೋಲಿಸಿತು. ಒಬ್ಬ ಆಟಗಾರ ಹೊರಹೋಗಿ ಭಾರತದ ಕಡೆ ಹತ್ತೇ ಜನ ಉಳಿದಿದ್ದಾಗ, ಫ್ರೀ ಕಿಕ್‌ನಿಂದ ಎರಡನೆಯ ಗೋಲು ಹೊಡೆದವನು ಇದೇ ಅನ್ವರ್.

ಮುಂದಿನ ದಾರಿ ನೇರವಾಗಿ ಕಾಣುತ್ತಿತ್ತು. ಮುಂಬೈ ಸಿಟಿ ಕ್ಲಬ್ ಸೇರಿದ. 2019ರಲ್ಲಿ ನಡೆದ ವೈದ್ಯಕೀಯ ತಪಾಸಣೆಯಲ್ಲಿ ಅವನ ಹೃದಯದಲ್ಲಿ ದೋಷವಿರುವುದು ಬೆಳಕಿಗೆ ಬಂತು. ಅದರ ಹೆಸರು ಏಪಿಕಲ್ ಹೈಪರ್‌ಟ್ರೋಫಿಕ್ ಕಾರ್ಡಿಯೋಮಯೋಪತಿ.

ಹೆಸರು ಉದ್ದವಾದರೂ ಅರ್ಥ ಸರಳ. ನಮ್ಮ ಹೃದಯದ ಎಡ ಹೃತ್ಕುಕ್ಷಿ ದೇಹಕ್ಕೆಲ್ಲ ರಕ್ತವನ್ನು ತಳ್ಳುವ ಪಂಪು. ಅದರ ಗೋಡೆಯ ದಪ್ಪ ಸಾಮಾನ್ಯವಾಗಿ ಸುಮಾರು ಒಂದು ಸೆಂಟಿಮೀಟರ್. ಬೇರಾವ ಕಾರಣವೂ ಇಲ್ಲದೆ ಅದು 15 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚಾದರೆ ವೈದ್ಯರು ಈ ಕಾಯಿಲೆಯೆಂದು ಗುರುತಿಸುತ್ತಾರೆ. ದಪ್ಪವಾಗಿರುವುದು ಹೃದಯದ ತುದಿಭಾಗವಾದರೆ 'ಏಪಿಕಲ್' ಎಂಬ ವಿಶೇಷಣ ಸೇರುತ್ತದೆ. ಈ ಬಗೆಯನ್ನು 1970ರ ದಶಕದಲ್ಲಿ ಜಪಾನಿನ ವೈದ್ಯರು ಮೊದಲು ವಿವರಿಸಿದರು. ಸ್ನಾಯು ದಪ್ಪವಾಗುವ ಈ ಕಾಯಿಲೆ ಹಲವು ವೇಳೆ ವಂಶವಾಹಿಗಳ ಮೂಲಕ ಬರುತ್ತದೆ. ಎಲ್ಲ ಬಗೆಗಳನ್ನೂ ಸೇರಿಸಿ ಹೇಳುವುದಾದರೆ ಸುಮಾರು ಐನೂರು ಜನರಲ್ಲಿ ಒಬ್ಬರಿಗೆ ಇರುತ್ತದೆಂದು ಅಂದಾಜು. ಅನೇಕರಿಗೆ ತಮಗಿದು ಇರುವುದೇ ತಿಳಿಯದು.

ಅಪಾಯವೆಲ್ಲಿ? ಆರೋಗ್ಯವಂತ ಹೃದಯದಲ್ಲಿ ಸ್ನಾಯುತಂತುಗಳು ಓರಣವಾಗಿ ಜೋಡಣೆಯಾಗಿರುತ್ತವೆ, ವಿದ್ಯುತ್ ಸಂಕೇತ ಅವುಗಳ ಮೂಲಕ ಕ್ರಮವಾಗಿ ಹರಿಯುತ್ತದೆ. ಈ ಕಾಯಿಲೆಯಲ್ಲಿ ತಂತುಗಳು ಅಡ್ಡಾದಿಡ್ಡಿಯಾಗಿರುತ್ತವೆ. ತೀವ್ರ ಶ್ರಮದ ಹೊತ್ತಿನಲ್ಲಿ ಸಂಕೇತ ದಾರಿ ತಪ್ಪಿ, ಹೃದಯ ಬಡಿಯುವುದನ್ನು ಬಿಟ್ಟು ಬರಿದೇ ಅದುರತೊಡಗಬಹುದು. ಆಗ ರಕ್ತ ಚಲಿಸುವುದಿಲ್ಲ, ಕೆಲವೇ ಸೆಕೆಂಡುಗಳಲ್ಲಿ ಮನುಷ್ಯ ಕುಸಿಯುತ್ತಾನೆ. 2003ರ ಜೂನ್ 26ರಂದು ಫ್ರಾನ್ಸ್‌ನ ಲಿಯಾನ್‌ನಲ್ಲಿ ಕ್ಯಾಮರೂನ್‌ನ ಮಾರ್ಕ್ ವಿವಿಯನ್ ಫೋ ಮೈದಾನದಲ್ಲೇ ಕುಸಿದು ತೀರಿಕೊಂಡಾಗ, ಪರೀಕ್ಷೆಯಲ್ಲಿ ಕಂಡದ್ದು ಹೃದಯಸ್ನಾಯು ದಪ್ಪವಾಗುವ ಕಾಯಿಲೆಯೇ.

ಇಲ್ಲೊಂದು ತೊಡಕಿದೆ. ವರ್ಷಗಟ್ಟಲೆ ಕಠಿಣ ಅಭ್ಯಾಸ ಮಾಡಿದ ಕ್ರೀಡಾಪಟುವಿನ ಹೃದಯವೂ ಕೊಂಚ ದಪ್ಪವಾಗಬಹುದು, ಅದು ಕಾಯಿಲೆಯಲ್ಲ. ಎರಡನ್ನೂ ಬೇರ್ಪಡಿಸಲು ಇ.ಸಿ.ಜಿ., ಎಕೋ, ಎಂ.ಆರ್.ಐ. ಪರೀಕ್ಷೆಗಳು ಬೇಕು, ಅನುಭವಿ ವೈದ್ಯರ ಕಣ್ಣೂ ಬೇಕು. ಕಾಯಿಲೆ ಖಚಿತವಾದ ಮೇಲೂ ಇಂಥ ವ್ಯಕ್ತಿಗೆ ಇಂಥ ದಿನ ಅಪಾಯ ಎಂದು ಯಾರೂ ಹೇಳಲಾರರು. ವಿಜ್ಞಾನ ಕೊಡುವುದು ಸಂಭವನೀಯತೆಯನ್ನು. ಗಣಿತದ ತರಗತಿಯಲ್ಲಿ ನಾಣ್ಯ ಚಿಮ್ಮಿ ಕಲಿಯುವ ಆ ಪಾಠ ಇಲ್ಲಿ ಒಬ್ಬ ಹುಡುಗನ ಜೀವಕ್ಕೂ ಜೀವನೋಪಾಯಕ್ಕೂ ಸಂಬಂಧಿಸಿದ ಪ್ರಶ್ನೆಯಾಯಿತು.

2020ರಲ್ಲಿ ಅನ್ವರ್ ಕೋಲ್ಕತದ ಮೊಹಮ್ಮಡನ್ ಸ್ಪೋರ್ಟಿಂಗ್ ಸೇರಿದಾಗ ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟ ಅವನನ್ನು ಆಟದಿಂದ ದೂರವಿಡಲು ಸೂಚಿಸಿತು. ಆತ ದೆಹಲಿ ಹೈಕೋರ್ಟಿನ ಮೊರೆ ಹೋದ. ಈಗ ನೀವೇ ತೀರ್ಪುಗಾರರ ಜಾಗದಲ್ಲಿ ಕುಳಿತು ಯೋಚಿಸಿ. ಮೈದಾನದಲ್ಲಿ ಹುಡುಗನೊಬ್ಬ ಸತ್ತರೆ ಹೊಣೆ ಯಾರದು? ಒಕ್ಕೂಟದ ಈ ಆತಂಕ ಸುಳ್ಳಲ್ಲ. ಆಡದಿದ್ದರೆ ನಾನು ಬದುಕುವುದು ಹೇಗೆ, ನನ್ನ ದೇಹದ ಬಗ್ಗೆ ನಿರ್ಧರಿಸುವ ಹಕ್ಕು ನನಗಿಲ್ಲವೇ ಎಂಬ ಆಟಗಾರನ ಪ್ರಶ್ನೆಯೂ ಸುಳ್ಳಲ್ಲ. ವೈದ್ಯರಲ್ಲೂ ಒಮ್ಮತವಿರಲಿಲ್ಲ. ಈ ಕಾಯಿಲೆಯುಳ್ಳವರು ಸ್ಪರ್ಧಾತ್ಮಕ ಕ್ರೀಡೆ ಬಿಡಲೇಬೇಕು ಎಂಬುದು ಹಿಂದಿನ ನಿಯಮ. ಆದರೆ ಅದೇ 2020ರಲ್ಲಿ ಹೊರಬಂದ ಯೂರೋಪ್ ಮತ್ತು ಅಮೆರಿಕದ ಹೃದ್ರೋಗ ತಜ್ಞರ ಮಾರ್ಗಸೂಚಿಗಳು ಈ ನಿಲುವನ್ನು ಸಡಿಲಿಸಿದವು. ಪ್ರತಿಯೊಬ್ಬರ ಅಪಾಯವನ್ನೂ ಬೇರೆಬೇರೆಯಾಗಿ ಅಳೆದು, ರೋಗಿಯೊಂದಿಗೆ ಕೂತು ಚರ್ಚಿಸಿ ತೀರ್ಮಾನಿಸಬೇಕೆಂದವು.

ಕೊನೆಗೆ 2021ರಲ್ಲಿ ಅನ್ವರ್ ದೆಹಲಿ ಎಫ್.ಸಿ. ತಂಡದೊಂದಿಗೆ ಮೈದಾನಕ್ಕೆ ಮರಳಿದ. ಅಲ್ಲಿಂದ ಎಫ್.ಸಿ. ಗೋವಾ ಸೇರಿದ. 2022ರ ಮಾರ್ಚ್‌ನಲ್ಲಿ ಭಾರತದ ಹಿರಿಯರ ತಂಡದಲ್ಲಿ ಆಡಿದ. ಅದೇ ವರ್ಷ ಜೂನ್ 14ರಂದು ಕೋಲ್ಕತದಲ್ಲಿ ಹಾಂಗ್‌ಕಾಂಗ್ ವಿರುದ್ಧ ಎರಡನೆಯ ನಿಮಿಷದಲ್ಲೇ ಗೋಲು ಹೊಡೆದ. ಭಾರತ 4-0ಯಿಂದ ಗೆದ್ದಿತು.

ನಮ್ಮ ಬೆಂಗಳೂರೂ ಈ ಕತೆಯಲ್ಲಿದೆ. 2023ರ ಜೂನ್ 27ರಂದು ಕಂಠೀರವ ಕ್ರೀಡಾಂಗಣದಲ್ಲಿ ಸ್ಯಾಫ್ ಪಂದ್ಯ. ಕುವೈತ್ ವಿರುದ್ಧ ಭಾರತ ಮುಂದಿತ್ತು. ಹೆಚ್ಚುವರಿಯಾಗಿ ಸಿಕ್ಕ ಕೊನೆಯ ನಿಮಿಷಗಳಲ್ಲಿ, ಅಪಾಯ ತಪ್ಪಿಸಲು ಅನ್ವರ್ ಹೊರಗಟ್ಟಲು ಹೋದ ಚೆಂಡು ನಮ್ಮದೇ ಗೋಲಿನೊಳಗೆ ಹೋಯಿತು. ಪಂದ್ಯ 1-1ರ ಸಮ. ನಾನು ಹೇಳಲಿಲ್ಲವೇ, ಕ್ಯಾಮೆರಾ ಆಗ ಅವನ ಮುಖವನ್ನು ಬಿಡುವುದಿಲ್ಲ! ನಾಲ್ಕು ದಿನಗಳ ನಂತರ ಅದೇ ಮೈದಾನದಲ್ಲಿ ಲೆಬನಾನ್ ವಿರುದ್ಧದ ಸೆಮಿಫೈನಲ್ ಪೆನಾಲ್ಟಿಗಳವರೆಗೆ ಹೋಯಿತು. ಚೆಂಡನ್ನು ಇಟ್ಟು ಗೋಲು ಹೊಡೆದವರಲ್ಲಿ ಅನ್ವರ್ ಒಬ್ಬ. ಜುಲೈ 4ರ ಫೈನಲ್‌ನಲ್ಲಿ ಅದೇ ಕುವೈತನ್ನು ಪೆನಾಲ್ಟಿಗಳಲ್ಲಿ 5-4ರಿಂದ ಮಣಿಸಿ ಭಾರತ ಕಪ್ ಎತ್ತಿತು.

ಇದೇ ಕಂಠೀರವದಲ್ಲಿ ಇನ್ನೊಂದು ನೆನಪೂ ಇದೆ. 2004ರ ಡಿಸೆಂಬರ್ 5ರಂದು ಫೆಡರೇಷನ್ ಕಪ್ ಫೈನಲ್‌ನಲ್ಲಿ ಡೆಂಪೊ ತಂಡದ ಬ್ರೆಜಿಲ್ ಆಟಗಾರ ಕ್ರಿಸ್ಟಿಯಾನೊ ಜೂನಿಯರ್ ಗೋಲು ಹೊಡೆದ ಕ್ಷಣದಲ್ಲೇ ಗೋಲ್‌ಕೀಪರ್‌ಗೆ ಡಿಕ್ಕಿಯಾಗಿ ಕುಸಿದ. ಮತ್ತೆ ಏಳಲಿಲ್ಲ. ಇನ್ನೊಂದೆಡೆ, 2021ರ ಜೂನ್ 12ರಂದು ಕೋಪನ್‌ಹೇಗನ್‌ನಲ್ಲಿ ಡೆನ್ಮಾರ್ಕ್‌ನ ಕ್ರಿಶ್ಚಿಯನ್ ಎರಿಕ್ಸನ್ ಆಟದ ನಡುವೆ ಕುಸಿದಾಗ, ಕೂಡಲೇ ಎದೆಯೊತ್ತಿ, ಯಂತ್ರದಿಂದ ವಿದ್ಯುತ್ ಆಘಾತ ಕೊಟ್ಟು ವೈದ್ಯರು ಬದುಕಿಸಿದರು. ಮೊದಲು ಓಡಿಬಂದವರಲ್ಲಿ ನಾಯಕ ಸಿಮೋನ್ ಕೇರ್ ಒಬ್ಬ. ಆತನೂ ರಕ್ಷಣಾ ಆಟಗಾರ!

ಮಿತ್ರರೇ, ಅನ್ವರ್ ಆಡಿದ, ಆದ್ದರಿಂದ ಅಪಾಯವಿಲ್ಲ ಎಂದು ದಯವಿಟ್ಟು ಲೆಕ್ಕ ಹಾಕಬೇಡಿ. ಒಬ್ಬನ ಅನುಭವ ಇನ್ನೊಬ್ಬನಿಗೆ ಔಷಧಿಚೀಟಿಯಲ್ಲ. ಓಡುವಾಗ ಎಚ್ಚರ ತಪ್ಪಿದರೆ, ಎದೆ ನೋವು ಬಂದರೆ, ಮನೆತನದಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಹಠಾತ್ತನೆ ತೀರಿಕೊಂಡಿದ್ದರೆ, ಮುಚ್ಚಿಡದೆ ಮನೆಯವರಿಗೂ ವೈದ್ಯರಿಗೂ ಹೇಳಿ. ತಂಡದಿಂದ ಕೈಬಿಟ್ಟಾರು ಎಂಬ ಹೆದರಿಕೆಯಿಂದ ಸುಮ್ಮನಿರಬೇಡಿ.

ಇನ್ನೊಂದು ಕೆಲಸವನ್ನು ನೀವೆಲ್ಲರೂ ಕಲಿಯಬಹುದು. ಯಾರಾದರೂ ಕುಸಿದು, ಕರೆದರೂ ಓಗೊಡದೆ, ಸರಿಯಾಗಿ ಉಸಿರಾಡದೆ ಇದ್ದರೆ, ಒಬ್ಬರು 108ಕ್ಕೆ ಫೋನ್ ಮಾಡಲಿ. ಇನ್ನೊಬ್ಬರು ಎದೆಯ ನಡುವೆ ಎರಡೂ ಅಂಗೈಗಳನ್ನಿಟ್ಟು ನಿಮಿಷಕ್ಕೆ 100ರಿಂದ 120 ಬಾರಿ, ದೊಡ್ಡವರಿಗಾದರೆ ಕನಿಷ್ಠ 5 ಸೆಂಟಿಮೀಟರ್ ಆಳಕ್ಕೆ, ಒತ್ತುತ್ತಿರಲಿ. ಏನೂ ಮಾಡದೆ ಕಳೆದ ಪ್ರತಿ ನಿಮಿಷಕ್ಕೂ ಬದುಕುವ ಅವಕಾಶ ಶೇಕಡ 7ರಿಂದ 10ರಷ್ಟು ಕುಗ್ಗುತ್ತದೆ. ನಿಮ್ಮ ಶಾಲೆಯಲ್ಲಿ ಇದರ ತರಬೇತಿ ಏರ್ಪಡಿಸುವಂತೆ ದೈಹಿಕ ಶಿಕ್ಷಣದ ಮೇಷ್ಟ್ರನ್ನು ಕೇಳಿ.

ಈ ಪುಟ ಮುಚ್ಚುವ ಮೊದಲು ಮಣಿಕಟ್ಟಿನ ಮೇಲೆ ಬೆರಳಿಟ್ಟು ನಾಡಿ ಎಣಿಸಿ. ನಿಮಿಷಕ್ಕೆ 72 ಬಡಿತವೆಂದರೆ ದಿನಕ್ಕೆ ಒಂದು ಲಕ್ಷಕ್ಕೂ ಮೀರಿತು. ಯಾರ ಚಪ್ಪಾಳೆಗೂ ಕಾಯದೆ, ಯಾವ ಕ್ಯಾಮೆರಾಕ್ಕೂ ಕಾಣದೆ, ಹಗಲಿರುಳು ನಿಮ್ಮನ್ನು ಕಾಯುತ್ತಿರುವ ರಕ್ಷಣಾ ಆಟಗಾರ ಅದು. ಅದರ ಮಾತಿಗೆ ಆಗಾಗ ಕಿವಿಗೊಡಿ.